ಸೆನೆಗಲ್ ಸಿನಿಮಾದ ಹೆಸರಾಂತ ನಿರ್ದೇಶಕರು

ಪಶ್ಚಿಮ ಆಫ್ರಿಕಾದ ಕರಾವಳಿ ರಾಷ್ಟ್ರ ಸೆನೆಗಲ್ ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದು 1960ರಲ್ಲಿ. ಅಲ್ಲಿಯವರೆಗೆ ಆಫ್ರಿಕನ್ನರು ತಮ್ಮ ನೆಲದಲ್ಲಿ ತಾವೇ ಚಲನಚಿತ್ರ ತಯಾರಿಸುವುದು ಸುಲಭದ ಮಾತಾಗಿರಲಿಲ್ಲ. 1934ರ ಲವಾಲ್ ಆದೇಶದ ಪ್ರಕಾರ ಫ್ರೆಂಚ್ ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಗಿತ್ತು. ಹೀಗಾಗಿ, ಇಂದಿನ ಬೆನಿನ್‌ನಲ್ಲಿ ಜನಿಸಿ ಮುಂದೆ ಡಕಾರ್‌ನಲ್ಲಿ ನೆಲೆಸಿದ ಪಾಲಿನ್ ವಿಯೆರಾ ಮತ್ತು ಸಂಗಡಿಗರು ತಮ್ಮ 'ಆಫ್ರಿಕ್ ಸುರ್ ಸೆನ್' (1955) ಕಿರುಚಿತ್ರವನ್ನು ಪ್ಯಾರಿಸ್ ನಗರದಲ್ಲೇ ಚಿತ್ರೀಕರಿಸಿದರು. ಸ್ವಾತಂತ್ರ್ಯಾನಂತರ ಈ ಪುಟ್ಟ ದೇಶ ವಿಶ್ವ ಚಿತ್ರರಂಗಕ್ಕೆ ನೀಡಿದ ಪ್ರಮುಖ ನಿರ್ದೇಶಕರ ಪರಿಚಯ ಇಲ್ಲಿದೆ.

ಉಸ್ಮಾನ್ ಸೆಂಬೆನ್ (1923-2007)

'ಆಫ್ರಿಕನ್ ಸಿನಿಮಾದ ಪಿತಾಮಹ' ಎಂದೇ ಖ್ಯಾತರಾದ ಸೆಂಬೆನ್ ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನ ಸರಕು ಹೊರುವ ಕಾರ್ಮಿಕರಾಗಿದ್ದವರು. ಮೊದಲು ಕಾದಂಬರಿಕಾರರಾಗಿ ಹೆಸರು ಮಾಡಿದರು. ಆದರೆ ತಮ್ಮ ಫ್ರೆಂಚ್ ಕೃತಿಗಳನ್ನು ಅಕ್ಷರ ಬಾರದ ಸ್ವದೇಶೀಯರು ಓದಲಾರರೆಂಬ ಕೊರಗು ಅವರನ್ನು ನಲವತ್ತರ ಹೊಸ್ತಿಲಲ್ಲಿ ಮಾಸ್ಕೋಗೆ, ಸಿನಿಮಾ ಕಲಿಕೆಗೆ ಕರೆದೊಯ್ಯಿತು.

ಗಾಡಿ ಹೊಡೆಯುವವನೊಬ್ಬನ ಒಂದು ದಿನದ ಬದುಕನ್ನು ತೋರುವ 'ಬೊರೊಮ್ ಸಾರೆ' (1963) ಅವರ ಆರಂಭಿಕ ಕಿರುಚಿತ್ರ. ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ತರುಣಿಯ ದುರಂತವನ್ನು ಚಿತ್ರಿಸಿದ 'ಲಾ ನ್ವಾರ್ ದ...' (1966) ಜ್ಯಾಂ ವಿಗೋ ಪ್ರಶಸ್ತಿ ಪಡೆಯಿತು. 'ಮಂದಾಬಿ' (1968) ಜನರಾಡುವ ವೊಲೊಫ್ ಭಾಷೆಯಲ್ಲಿ ತಯಾರಾದ ಚಿತ್ರ. ಪ್ಯಾರಿಸ್‌ನಿಂದ ಬಂದ ಮನಿ ಆರ್ಡರ್ ಪಡೆಯಲು ಗುರುತಿನ ಚೀಟಿ ಬೇಕು, ಅದಕ್ಕೆ ಜನನ ಪತ್ರ ಬೇಕು ಎಂದು ಕಚೇರಿಯಿಂದ ಕಚೇರಿಗೆ ಅಲೆದು, ಕಡೆಗೆ ಹಣವನ್ನೂ ಕಳೆದುಕೊಳ್ಳುವ ಬಡಪಾಯಿಯ ಕಥೆ ಇದರದು.

'ಸೆಡ್ಡೊ' (1977) ಚಿತ್ರ ಸೆನೆಗಲ್‌ನಲ್ಲೇ ನಿಷೇಧಕ್ಕೊಳಗಾಯಿತು. ಶೀರ್ಷಿಕೆಯಲ್ಲಿ 'ಡ' ಅಕ್ಷರದ ದ್ವಿತ್ವ ಸರ್ಕಾರದ ಕಾಗುಣಿತ ನಿಯಮಕ್ಕೆ ವಿರುದ್ಧ ಎಂಬುದು ಅಧಿಕೃತ ಕಾರಣ! ಬಲವಂತದ ಮತಾಂತರಕ್ಕೆ ಎದುರಾದ ಜನರ ಪ್ರತಿರೋಧ ಚಿತ್ರದ ವಸ್ತುವಾಗಿತ್ತು. ತಿಯೆರ್ನೊ ಫಾತಿ ಸೋ ಅವರೊಡನೆ ನಿರ್ದೇಶಿಸಿದ 'ಕ್ಯಾಂಪ್ ದ ತಿಯಾರೊಯ್' (1988), ಫ್ರಾನ್ಸ್ ಪರ ಹೋರಾಡಿ ಬಂದು ಬಾಕಿ ವೇತನ ಕೇಳಿದ ಆಫ್ರಿಕನ್ ಸೈನಿಕರನ್ನು 1944ರ ಡಿಸೆಂಬರ್ 1ರಂದು ಗುಂಡಿಟ್ಟು ಕೊಂದ ಘಟನೆಯನ್ನು ಆಧರಿಸಿದೆ. ಅದು ಹತ್ಯಾಕಾಂಡವೆಂದು ಫ್ರಾನ್ಸ್ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ. ಸೆಂಬೆನ್ ಅವರ ಕೊನೆಯ ಚಿತ್ರ 'ಮೂಲಾದೆ' (2004) ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ದನಿಯೆತ್ತಿತು.

ಜಿಬ್ರಿಲ್ ಡಿಯೋಪ್ ಮಾಂಬೆಟಿ (1945-1998)

ಸೆಂಬೆನ್ ಅವರದು ವಾಸ್ತವವಾದವಾದರೆ ಮಾಂಬೆಟಿ ಅವರದು ಕನಸಿನ ದಾರಿ. ದನದ ಕೊಂಬು ಕಟ್ಟಿದ ಮೋಟಾರ್ ಸೈಕಲ್ ಏರಿ ಪ್ಯಾರಿಸ್‌ನ ಕನಸು ಕಾಣುವ ಮೋರಿ, ಆಂತಾ ಎಂಬ ಪ್ರೇಮಿಗಳ 'ಟುಕಿ ಬುಕಿ' (1973) ಅವರ ಮೇರುಕೃತಿ. ಕೊನೆಗೆ ಆಂತಾ ಹಡಗಿನಲ್ಲಿ ಹೊರಟರೆ ಮೋರಿ ಬಂದರಿನಲ್ಲೇ ಉಳಿಯುತ್ತಾನೆ. ಸ್ವಿಸ್ ಲೇಖಕ ಡ್ಯೂರೆನ್‌ಮ್ಯಾಟ್ ಅವರ ನಾಟಕವನ್ನು ಆಧರಿಸಿದ 'ಹೈನಾಸ್' (1992) ಇವರ ಎರಡನೆಯ ಹಾಗೂ ಕೊನೆಯ ಪೂರ್ಣಪ್ರಮಾಣದ ಕಥಾಚಿತ್ರ.

ಸಾಫಿ ಫಾಯ್ (1943-2023)

ಶಾಲಾ ಶಿಕ್ಷಕಿಯಾಗಿದ್ದ ಫಾಯ್ ಜನಾಂಗ ಅಧ್ಯಯನದಿಂದ ಸಿನಿಮಾದತ್ತ ಹೊರಳಿದವರು. 'ರೈತನ ದನಿ' ಎಂಬರ್ಥದ 'ಕದ್ದು ಬೆಯ್ಕತ್' (1975) ಸಹಾರಾದ ದಕ್ಷಿಣದ ಆಫ್ರಿಕಾದ ಮಹಿಳೆಯೊಬ್ಬರು ನಿರ್ದೇಶಿಸಿ, ವಾಣಿಜ್ಯಿಕವಾಗಿ ಬಿಡುಗಡೆಗೊಂಡ ಮೊದಲ ಪೂರ್ಣಪ್ರಮಾಣದ ಚಿತ್ರವೆಂಬ ಹಿರಿಮೆ ಪಡೆದಿದೆ. ನೆಲಗಡಲೆಯೊಂದನ್ನೇ ನೆಚ್ಚಿದ ಹಳ್ಳಿಗರ ಬವಣೆಯನ್ನು ಇದು ಪತ್ರರೂಪದಲ್ಲಿ ನಿರೂಪಿಸುತ್ತದೆ.

ಹೊಸ ತಲೆಮಾರು

ಫ್ರಾನ್ಸ್‌ನಲ್ಲಿ ಹುಟ್ಟಿಬೆಳೆದ ಅಲೆನ್ ಗೋಮಿಸ್ 'ತೇಯ್' (2012) ಹಾಗೂ 'ಫೆಲಿಸಿತೆ' (2017) ಚಿತ್ರಗಳಿಗಾಗಿ ಬುರ್ಕಿನಾ ಫಾಸೊದ ಫೆಸ್ಪಾಕೊ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದಿದ್ದಾರೆ.

ಪ್ಯಾರಿಸ್‌ನಲ್ಲಿ 1982ರಲ್ಲಿ ಜನಿಸಿದ ಮಾತಿ ಡಿಯೋಪ್, ಮಾಂಬೆಟಿ ಅವರ ಸೋದರನ ಮಗಳು. 'ಟುಕಿ ಬುಕಿ'ಯ ನಾಯಕನಟನನ್ನು ದಶಕಗಳ ಬಳಿಕ ಡಕಾರ್‌ನಲ್ಲೇ ಕಂಡು 'ಮಿಲ್ ಸೊಲೆಯ್' (2013) ನಿರ್ಮಿಸಿದರು. ಕೂಲಿ ಸಿಗದೆ ದೋಣಿಯೇರಿ ಸಮುದ್ರಪಾಲಾದ ಯುವಕರ ಕಥೆ 'ಅಟ್ಲಾಂಟಿಕ್', 2019ರ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗಳಿಸಿತು. ವಸಾಹತು ಕಾಲದಲ್ಲಿ ಲೂಟಿಯಾಗಿ 2021ರಲ್ಲಿ ಬೆನಿನ್‌ಗೆ ಮರಳಿದ 26 ರಾಜಮನೆತನದ ಕಲಾಕೃತಿಗಳ ಕುರಿತ 'ದಹೋಮಿ' 2024ರಲ್ಲಿ ಬರ್ಲಿನ್‌ನ ಸ್ವರ್ಣ ಕರಡಿ ಪ್ರಶಸ್ತಿಗೆ ಪಾತ್ರವಾಯಿತು.