ಸಾಕು ನಾಯಿ ತಳಿಗಳು, ಅವುಗಳ ಪಾಲನೆ ಮತ್ತು ಮಾಲೀಕರ ಹೊಣೆಗಾರಿಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಾಯಿ ಅನಾದಿಕಾಲದಿಂದಲೂ ಮಾನವನ ಒಡನಾಡಿ. ಹೊಲ, ಮನೆ, ಕುರಿಹಟ್ಟಿಗಳ ಕಾವಲಿಗಾಗಿ ನಮ್ಮ ಹಿರಿಯರು ನಾಯಿಗಳನ್ನು ಸಾಕುತ್ತಿದ್ದರು. ಇಂದು ನಗರ ಹಾಗೂ ಪಟ್ಟಣಗಳಲ್ಲಿ ನಿರ್ದಿಷ್ಟ ತಳಿಯೊಂದರ ನಾಯಿಯನ್ನು ಹೊಂದಬೇಕೆಂಬುದು ಅನೇಕ ಕುಟುಂಬಗಳ ಬಹುದಿನಗಳ ಆಸೆಯಾಗಿದೆ. ಚಲನಚಿತ್ರ, ಜಾಹೀರಾತು ಅಥವಾ ನೆರೆಮನೆಯ ನಾಯಿಯನ್ನು ಕಂಡು ಮೂಡುವ ಈ ಆಸೆ ಸಹಜವಾದುದು. ಆದರೆ ತಳಿಯ ಸ್ವಭಾವ, ಅದಕ್ಕೆ ಬೇಕಾದ ಸ್ಥಳಾವಕಾಶ, ವೆಚ್ಚ ಹಾಗೂ ಕಾನೂನಿನ ನಿಯಮಗಳನ್ನು ಅರಿಯದೆ ಮರಿಯನ್ನು ತಂದು, ಒಂದೆರಡು ವರ್ಷಗಳಲ್ಲಿ ಬೀದಿಗೆ ಬಿಡುವ ಪ್ರಕರಣಗಳೂ ನಡೆಯುತ್ತವೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಆಹಾರ ಹುಡುಕಿಕೊಳ್ಳಲು ತಿಳಿದಿರುವುದಿಲ್ಲ. ವಾಹನಕ್ಕೆ ಸಿಲುಕಿ, ಇತರ ನಾಯಿಗಳ ದಾಳಿಗೆ ಒಳಗಾಗಿ ಅಥವಾ ರೋಗದಿಂದ ಅದು ಬಹುಬೇಗ ಸಾಯುತ್ತದೆ. ಆದ್ದರಿಂದ ನಾಯಿ ಸಾಕಲು ಇಚ್ಛಿಸುವವರು ಹಾಗೂ ಪರವಾನಗಿಗೆ ಅರ್ಜಿ ಸಲ್ಲಿಸುವವರು ಈ ಕೆಳಕಂಡ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

2. ನಿರ್ಧಾರ ಕೈಗೊಳ್ಳುವ ಮುನ್ನ

ನಾಯಿಯ ಆಯುಷ್ಯ ಸಾಮಾನ್ಯವಾಗಿ 10 ರಿಂದ 14 ವರ್ಷ. ಭಾರೀ ಗಾತ್ರದ ತಳಿಗಳು ಇದಕ್ಕಿಂತ ಕಡಿಮೆ ಕಾಲ ಬದುಕುತ್ತವೆ. ಈ ಇಡೀ ಅವಧಿಯ ಹೊಣೆಯನ್ನು ಹೊರಲು ಕುಟುಂಬದ ಸರ್ವ ಸದಸ್ಯರೂ ಒಪ್ಪಿರುವುದು ಅಗತ್ಯ. ಕೆಳಗಿನ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳತಕ್ಕದ್ದು.

ಅ) ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ನಾಯಿಯನ್ನು ಹೊರಗೆ ಕರೆದೊಯ್ಯುವವರು ಯಾರು?
ಆ) ಮನೆಯವರೆಲ್ಲರೂ ಕೆಲಸಕ್ಕೆ ಹೋದಾಗ ನಾಯಿ ಎಷ್ಟು ಗಂಟೆ ಒಂಟಿಯಾಗಿರಬೇಕಾಗುತ್ತದೆ?
ಇ) ಊರಿಗೆ, ಜಾತ್ರೆಗೆ, ಮದುವೆ ಸಮಾರಂಭಗಳಿಗೆ ಹೋದಾಗ ಅದನ್ನು ನೋಡಿಕೊಳ್ಳುವವರು ಯಾರು?
ಈ) ಬಾಡಿಗೆ ಮನೆಯಾಗಿದ್ದಲ್ಲಿ ಮನೆಯ ಮಾಲೀಕರ ಒಪ್ಪಿಗೆ ಇದೆಯೇ?
ಉ) ಆಹಾರ, ಲಸಿಕೆ ಹಾಗೂ ಚಿಕಿತ್ಸೆಯ ವೆಚ್ಚವನ್ನು ಪ್ರತಿ ತಿಂಗಳೂ ಭರಿಸಲು ಸಾಧ್ಯವೇ?

ಮರಿಯ ಬೆಲೆ ಒಮ್ಮೆ ಮಾತ್ರ ತೆರುವ ಮೊತ್ತ. ಪಾಲನೆಯ ವೆಚ್ಚವು ನಾಯಿ ಬದುಕಿರುವವರೆಗೂ ಇರುತ್ತದೆ.

3. ನಮ್ಮ ನಾಡಿನ ತಳಿಗಳು

ಮುಧೋಳ ನಾಯಿ: ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಪಡೆದಿರುವ ಈ ಬೇಟೆ ತಳಿಯು ಕರ್ನಾಟಕದ ಹೆಮ್ಮೆ. ಸ್ಥಳೀಯವಾಗಿ ಕರವಾನಿ ಎಂಬ ಹೆಸರೂ ಇದಕ್ಕೆ ಬಳಕೆಯಲ್ಲಿದೆ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಅಭಿವೃದ್ಧಿಪಡಿಸಿದರು. ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಅವರಿಗೆ ಈ ತಳಿಯ ಜೋಡಿಯನ್ನು ಕಾಣಿಕೆಯಾಗಿ ನೀಡಲಾಗಿತ್ತು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶಿ ನಾಯಿ ತಳಿಗಳ ಕುರಿತು ಹೊರತಂದ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯ ಚಿತ್ರವೂ ಸೇರಿದೆ. 2016ರಲ್ಲಿ ಭಾರತೀಯ ಸೇನೆಯು ಈ ತಳಿಯ ಮರಿಗಳನ್ನು ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿಗೆ ಪಡೆದುಕೊಂಡಿತು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಸ್ಥಾಪಿಸಿದ್ದು, ತಳಿ ಸಂರಕ್ಷಣೆಯ ಕಾರ್ಯ ಅಲ್ಲಿ ನಡೆಯುತ್ತಿದೆ. ಮುಧೋಳ ಸುತ್ತಮುತ್ತಲಿನ ಅನೇಕ ರೈತ ಕುಟುಂಬಗಳಿಗೆ ಈ ನಾಯಿಗಳ ಸಾಕಣೆ ಉಪ ಕಸುಬಾಗಿದೆ.

ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳವಾದ ಕಾಲುಗಳು ಮತ್ತು ಗಿಡ್ಡ ಕೂದಲು ಇದರ ಲಕ್ಷಣಗಳು. ಗಂಡು ನಾಯಿಯ ಎತ್ತರ ಸುಮಾರು 70 ಸೆಂಟಿಮೀಟರ್. ಹೆಣ್ಣು ತುಸು ಕಡಿಮೆ. ಆರೋಗ್ಯವಂತ ಮುಧೋಳ ನಾಯಿ ಸಣಕಲಾಗಿಯೇ ಕಾಣುತ್ತದೆ. ಹೊಟ್ಟೆಗಿಲ್ಲದೆ ಬಡಕಲಾಗಿದೆ ಎಂದು ತಪ್ಪಾಗಿ ಭಾವಿಸಿ ಅತಿಯಾಗಿ ತಿನ್ನಿಸಬಾರದು. ಈ ತಳಿ ವಾಸನೆಗಿಂತ ದೃಷ್ಟಿಯನ್ನು ಅವಲಂಬಿಸಿ ಬೇಟೆಯಾಡುವಂಥದು. ಬೆಕ್ಕು, ಮೊಲ, ಕೋಳಿ ಕಣ್ಣಿಗೆ ಬಿದ್ದೊಡನೆ ಬೆನ್ನಟ್ಟುವ ಪ್ರವೃತ್ತಿ ಇದರಲ್ಲಿರುವುದರಿಂದ ರಸ್ತೆಯಲ್ಲಿ ಹಗ್ಗವಿಲ್ಲದೆ ಬಿಡಕೂಡದು. ಪ್ರತಿದಿನ ಓಡಲು ಸುತ್ತುಗೋಡೆಯುಳ್ಳ ಬಯಲು ಬೇಕು. ಚಿಕ್ಕ ಫ್ಲ್ಯಾಟ್‌ಗಳಲ್ಲಿ ಇದನ್ನು ಸಾಕುವುದು ಸೂಕ್ತವಲ್ಲ. ಮನೆಯವರೊಂದಿಗೆ ನಿಷ್ಠೆಯಿಂದಿರುವ ಈ ನಾಯಿ ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ದೇಹದಲ್ಲಿ ಕೊಬ್ಬಿನ ಅಂಶ ಕಡಿಮೆ ಇರುವ ಕಾರಣ ಚಳಿಗಾಲದಲ್ಲಿ ಹೊದಿಕೆ ಒದಗಿಸಬೇಕು. ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅರಿವಳಿಕೆಯ ಬಗ್ಗೆ ಪಶುವೈದ್ಯರೊಂದಿಗೆ ಮುಂಚಿತವಾಗಿ ಚರ್ಚಿಸಬೇಕು.

ಗಮನಿಸಿ: ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೇರೆಗೆ ನಾಯಿಯನ್ನು ಬಳಸಿ ಕಾಡುಮೊಲ ಮುಂತಾದ ವನ್ಯಪ್ರಾಣಿಗಳನ್ನು ಬೇಟೆಯಾಡುವುದು ಅಪರಾಧ. ಬೇಟೆ ತಳಿಯ ನಾಯಿಯನ್ನು ಹೊಂದಿರುವುದರಿಂದ ಬೇಟೆಯ ಹಕ್ಕು ಪ್ರಾಪ್ತವಾಗುವುದಿಲ್ಲ.

ಇತರ ದೇಶಿ ತಳಿಗಳು: ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈ, ಕನ್ನಿ ಹಾಗೂ ಉತ್ತರ ಪ್ರದೇಶದ ರಾಂಪುರ ಹೌಂಡ್ ಹೆಸರಾದ ತಳಿಗಳು. ರಾಜಪಾಳಯಂ ತಳಿಯಲ್ಲಿ ಕಿವುಡುತನ ಕಂಡುಬರುವುದರಿಂದ ಮರಿಯನ್ನು ಆರಿಸುವಾಗ ಶಬ್ದಕ್ಕೆ ಪ್ರತಿಕ್ರಿಯಿಸುವುದೇ ಎಂದು ಪರೀಕ್ಷಿಸಬೇಕು.

ಊರನಾಯಿ: ಯಾವುದೇ ತಳಿಯ ಹೆಸರಿಲ್ಲದ ನಮ್ಮ ಊರನಾಯಿಯು ಇಲ್ಲಿನ ಹವೆಗೆ ಚೆನ್ನಾಗಿ ಹೊಂದಿಕೊಂಡಿದೆ. ಸಾಧಾರಣ ಮನೆಯೂಟದಲ್ಲಿ ಆರೋಗ್ಯವಾಗಿರುತ್ತದೆ, ಬುದ್ಧಿವಂತಿಕೆಯಲ್ಲೂ ಕಡಿಮೆಯಿಲ್ಲ. ಪ್ರಾಣಿದಯಾ ಸಂಘಗಳಿಂದ ಇಂತಹ ಮರಿಗಳನ್ನು ದತ್ತು ಪಡೆಯಬಹುದಾಗಿದೆ.

4. ವಿದೇಶಿ ತಳಿಗಳು

ಲ್ಯಾಬ್ರಡಾರ್: ಸೌಮ್ಯ ಸ್ವಭಾವ, ಮಕ್ಕಳೊಡನೆ ಹೊಂದಿಕೊಳ್ಳುತ್ತದೆ. ಆಹಾರದ ಆಸೆ ಹೆಚ್ಚು. ವ್ಯಾಯಾಮವಿಲ್ಲದಿದ್ದಲ್ಲಿ ಬೊಜ್ಜು ಬೆಳೆದು ಕೀಲುನೋವಿಗೆ ತುತ್ತಾಗುತ್ತದೆ.

ಜರ್ಮನ್ ಶೆಫರ್ಡ್: ಕಾವಲಿಗೂ ತರಬೇತಿಗೂ ಶ್ರೇಷ್ಠ. ಸೊಂಟದ ಕೀಲಿನ ದೋಷ ಅನುವಂಶಿಕವಾಗಿ ಬರಬಹುದಾದ್ದರಿಂದ ತಂದೆತಾಯಿ ನಾಯಿಗಳ ಆರೋಗ್ಯವನ್ನು ವಿಚಾರಿಸಬೇಕು. ಚಿಕ್ಕಂದಿನಲ್ಲೇ ತರಬೇತಿ ನೀಡದಿದ್ದಲ್ಲಿ ಹತೋಟಿ ತಪ್ಪುತ್ತದೆ.

ಪಗ್: 2003ರಲ್ಲಿ ಪ್ರಸಾರವಾದ ಮೊಬೈಲ್ ಸೇವೆಯ ಜಾಹೀರಾತಿನಿಂದ ದೇಶದಾದ್ಯಂತ ಜನಪ್ರಿಯವಾಯಿತು. ಇದರ ಮೋಟು ಮೂತಿಯ ಕಾರಣ ಉಸಿರಾಟ ಕಷ್ಟ. ನಾಯಿಗಳು ಬಾಯ್ತೆರೆದು ಏದುಸಿರು ಬಿಡುವ ಮೂಲಕವೇ ದೇಹದ ಶಾಖವನ್ನು ಹೊರಹಾಕುತ್ತವೆ. ಈ ತಳಿಗೆ ಅದು ಸರಿಯಾಗಿ ಸಾಧ್ಯವಾಗದ ಕಾರಣ ಬಿಸಿಲಿನ ಹೊಡೆತದಿಂದ ಸಾಯುವ ಅಪಾಯ ಹೆಚ್ಚು. ಮುಖದ ಮಡಿಕೆಗಳನ್ನು ಆಗಾಗ್ಗೆ ಒರೆಸಿ ಒಣಗಿಸಬೇಕು.

ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್: ಹಿಮ ಪ್ರದೇಶದ ಈ ತಳಿಗಳಿಗೆ ಎರಡು ಪದರದ ದಟ್ಟ ಕೂದಲಿದೆ. ಕಲಬುರಗಿ, ರಾಯಚೂರು, ಬಳ್ಳಾರಿಯಂತಹ ಜಿಲ್ಲೆಗಳ ಬೇಸಿಗೆ ಇವುಗಳಿಗೆ ಹಿಂಸೆ. ಹವಾನಿಯಂತ್ರಿತ ಕೊಠಡಿ ಹಾಗೂ ವಿದ್ಯುತ್ ಕಡಿತದ ಸಮಯದ ಬದಲಿ ವ್ಯವಸ್ಥೆ ಇಲ್ಲದವರು ಈ ತಳಿಗಳನ್ನು ಸಾಕಲು ಮುಂದಾಗದಿರುವುದು ಒಳಿತು.

5. ಮರಿಯನ್ನು ಪಡೆಯುವಾಗ ಗಮನಿಸಬೇಕಾದ ಅಂಶಗಳು

ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟವು 2017ರಲ್ಲಿ ಜಾರಿಗೊಂಡ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳಿಗೆ ಒಳಪಟ್ಟಿದೆ. ಅದರಂತೆ ತಳಿ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಖರೀದಿದಾರರು:

ಅ) ನೋಂದಣಿ ಪ್ರಮಾಣಪತ್ರವನ್ನು ಕೇಳಿ ಪರಿಶೀಲಿಸುವುದು.
ಆ) ಮರಿಯನ್ನು ಅದರ ತಾಯಿಯೊಂದಿಗೆ, ಬೆಳೆದ ಸ್ಥಳದಲ್ಲಿಯೇ ನೋಡುವುದು. ತಾಯಿಯನ್ನು ತೋರಿಸಲು ನಿರಾಕರಿಸಿದಲ್ಲಿ ಖರೀದಿಸದಿರುವುದು.
ಇ) ಕಣ್ಣು, ಮೂಗು ಶುಭ್ರವಾಗಿರುವುದು, ಹೊಟ್ಟೆ ಉಬ್ಬಿಲ್ಲದಿರುವುದು, ಭೇದಿ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳುವುದು.
ಈ) ಲಸಿಕೆ ಪುಸ್ತಕ ಹಾಗೂ ಹಣ ಸಂದಾಯದ ರಸೀದಿಯನ್ನು ತಪ್ಪದೆ ಪಡೆಯುವುದು.
ಉ) ಮರಿಯನ್ನು ನೋಡದೆ ಮುಂಗಡ ಹಣ ಪಾವತಿಸದಿರುವುದು.

ಮುಧೋಳ ನಾಯಿಯ ಹೆಸರಿನಲ್ಲಿ ಮಿಶ್ರ ತಳಿಯ ಮರಿಗಳು ಮಾರಾಟವಾಗುವ ಸಾಧ್ಯತೆ ಇರುವುದರಿಂದ, ಶುದ್ಧ ತಳಿ ಬೇಕೆನ್ನುವವರು ತಿಮ್ಮಾಪುರದ ಕೇಂದ್ರವನ್ನು ಸಂಪರ್ಕಿಸಿ ಮಾಹಿತಿ ಪಡೆಯುವುದು ಸೂಕ್ತ.

6. ಲಸಿಕೆ ಮತ್ತು ಜಂತುನಾಶಕ

ಅ) ಜಂತುನಾಶಕ: ಮರಿಗೆ ಎರಡು ವಾರವಾದಾಗಿನಿಂದ ಎರಡು ವಾರಗಳಿಗೊಮ್ಮೆ, ಮೂರು ತಿಂಗಳ ನಂತರ ತಿಂಗಳಿಗೊಮ್ಮೆ, ಆರು ತಿಂಗಳ ನಂತರ ಮೂರು ತಿಂಗಳಿಗೊಮ್ಮೆ.
ಆ) ಡಿಸ್ಟೆಂಪರ್, ಪಾರ್ವೊ, ಕಾಮಾಲೆ ಮುಂತಾದವುಗಳ ಸಂಯುಕ್ತ ಲಸಿಕೆ: ಆರರಿಂದ ಎಂಟನೆಯ ವಾರದಲ್ಲಿ ಮೊದಲ ಬಾರಿ. ಬಳಿಕ ಮೂರು ನಾಲ್ಕು ವಾರಗಳ ಅಂತರದಲ್ಲಿ, ಮರಿಗೆ ನಾಲ್ಕು ತಿಂಗಳಾಗುವವರೆಗೆ. ಆನಂತರ ಪಶುವೈದ್ಯರ ಸಲಹೆಯಂತೆ.
ಇ) ರೇಬೀಸ್ ನಿರೋಧಕ ಲಸಿಕೆ: ಮೂರು ತಿಂಗಳು ತುಂಬಿದಾಗ. ನಂತರ ಪಶುವೈದ್ಯರು ಸೂಚಿಸಿದಂತೆ ಪುನರ್ ಲಸಿಕೆ, ಆಮೇಲೆ ಪ್ರತಿವರ್ಷ.

ಲಸಿಕೆ ಪೂರ್ಣಗೊಳ್ಳುವವರೆಗೆ ಮರಿಯನ್ನು ಇತರ ನಾಯಿಗಳು ಓಡಾಡುವ ಸ್ಥಳಕ್ಕೆ ಬಿಡಬಾರದು. ವಾಂತಿ ಮತ್ತು ರಕ್ತಮಿಶ್ರಿತ ಭೇದಿ ಪಾರ್ವೊ ರೋಗದ ಲಕ್ಷಣಗಳು. ಒಂದು ದಿನದ ವಿಳಂಬವೂ ಮರಿಯ ಜೀವಕ್ಕೆ ಎರವಾಗಬಹುದು. ಉಣ್ಣೆಗಳಿಂದ ಹರಡುವ ಜ್ವರವೂ ನಮ್ಮಲ್ಲಿ ಸಾಮಾನ್ಯವಾದ್ದರಿಂದ ಕಿವಿ ಹಾಗೂ ಬೆರಳಸಂದುಗಳನ್ನು ನಿತ್ಯವೂ ಪರೀಕ್ಷಿಸಬೇಕು.

7. ಆಹಾರ ಮತ್ತು ವಸತಿ

ಅನ್ನ ಹಾಲು ಮಾತ್ರ ಪರಿಪೂರ್ಣ ಆಹಾರವಲ್ಲ. ಅನ್ನ ಅಥವಾ ರಾಗಿಯೊಂದಿಗೆ ಬೇಯಿಸಿದ ಮೊಟ್ಟೆ, ಮಾಂಸ, ತರಕಾರಿಗಳನ್ನು ನೀಡಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಹಾಗೂ ಚಾಕೊಲೇಟ್ ನಾಯಿಗಳಿಗೆ ವಿಷಕಾರಿ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು. ಶುದ್ಧ ನೀರು ಸದಾ ಲಭ್ಯವಿರಬೇಕು. ಬೇಸಿಗೆಯ ಮಧ್ಯಾಹ್ನ ಕಾದ ರಸ್ತೆಯ ಮೇಲೆ ನಡೆಸುವುದು, ಮುಚ್ಚಿದ ಕಾರಿನಲ್ಲಿ ಬಿಟ್ಟುಹೋಗುವುದು ಪ್ರಾಣಾಪಾಯಕಾರಿ.

8. ಪರವಾನಗಿಗೆ ಅರ್ಜಿ

ನಗರ ಪ್ರದೇಶಗಳಲ್ಲಿ ನಾಯಿ ಸಾಕುವವರು ಸಂಬಂಧಪಟ್ಟ ನಗರ ಸ್ಥಳೀಯ ಸಂಸ್ಥೆಯ ನಿಯಮಗಳಂತೆ ಪರವಾನಗಿ ಪಡೆದು ಕಾಲಕಾಲಕ್ಕೆ ನವೀಕರಿಸತಕ್ಕದ್ದು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು: ಅರ್ಜಿದಾರರ ಗುರುತಿನ ಚೀಟಿ ಮತ್ತು ವಿಳಾಸದ ಪುರಾವೆ, ರೇಬೀಸ್ ಲಸಿಕೆಯ ಪ್ರಮಾಣಪತ್ರ, ನಾಯಿಯ ಭಾವಚಿತ್ರ, ಸಂತಾನಶಕ್ತಿಹರಣ ಮಾಡಿಸಿದ್ದಲ್ಲಿ ಅದರ ಪ್ರಮಾಣಪತ್ರ. ಶುಲ್ಕ ಹಾಗೂ ನಮೂನೆಯ ವಿವರಗಳು ಆಯಾ ಸಂಸ್ಥೆಯ ಕಛೇರಿಯಲ್ಲಿ ದೊರೆಯುತ್ತವೆ.

9. ಮಾಲೀಕರ ಕಾನೂನು ಹೊಣೆಗಾರಿಕೆ

ಅ) ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದ ಪ್ರಕಾರ ನಾಯಿಯನ್ನು ಹೊಡೆಯುವುದು, ಆಹಾರ ನೀರು ನೀಡದಿರುವುದು, ತೀರಾ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದು, ಸಕಾರಣವಿಲ್ಲದೆ ತ್ಯಜಿಸುವುದು ಹಾಗೂ ಕಾದಾಟಕ್ಕೆ ಹಚ್ಚುವುದು ಅಪರಾಧಗಳು.
ಆ) ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯ ಉಂಟಾಗದಂತೆ ಎಚ್ಚರ ವಹಿಸದಿದ್ದಲ್ಲಿ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದ ಮೇರೆಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.
ಇ) ಕೆಲವು ತಳಿಗಳನ್ನು ಉಗ್ರ ತಳಿಗಳೆಂದು ಗುರುತಿಸಿ ಕೇಂದ್ರ ಸರ್ಕಾರವು 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿದೆ. ಆದರೂ ಯಾವುದೇ ತಳಿಯ ನಾಯಿ ಕಚ್ಚಿದಲ್ಲಿ ಮಾಲೀಕರ ಹೊಣೆ ತಪ್ಪುವುದಿಲ್ಲ.
ಈ) ಸಾರ್ವಜನಿಕ ಸ್ಥಳಗಳಲ್ಲಿ ಹಗ್ಗ ಹಿಡಿದೇ ಕರೆದೊಯ್ಯುವುದು, ಮಲವನ್ನು ತೆಗೆದು ಶುಚಿಗೊಳಿಸುವುದು ಮಾಲೀಕರ ಕರ್ತವ್ಯ.

10. ನಾಯಿ ಕಚ್ಚಿದಾಗ

ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ನಂತರ ರೋಗಿ ಬದುಕುಳಿಯುವುದು ಅತಿ ವಿರಳ. ಆದರೆ ಸಕಾಲದಲ್ಲಿ ಲಸಿಕೆ ಪಡೆದಲ್ಲಿ ಇದನ್ನು ಸಂಪೂರ್ಣವಾಗಿ ತಡೆಗಟ್ಟಬಹುದು. ಮನೆಯ ನಾಯಿ ಕಚ್ಚಿದರೂ, ಗಾಯ ಸಣ್ಣದಾಗಿದ್ದರೂ ಅಲಕ್ಷಿಸಬಾರದು. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ವೈದ್ಯರು ಸೂಚಿಸಿದ ಎಲ್ಲಾ ದಿನಗಳಲ್ಲೂ ಪಡೆಯಬೇಕು. ಮಕ್ಕಳು ಹೆದರಿ ಕಚ್ಚಿದ ಸಂಗತಿಯನ್ನು ಮುಚ್ಚಿಡುವುದುಂಟು. ಹೇಳಿದರೆ ಗದರುವುದಿಲ್ಲವೆಂಬ ಭರವಸೆಯನ್ನು ಅವರಿಗೆ ಮೊದಲೇ ನೀಡಿರಬೇಕು.

11. ಸಾಕಲು ಸಾಧ್ಯವಾಗದಿದ್ದಲ್ಲಿ

ವರ್ಗಾವಣೆ, ಅನಾರೋಗ್ಯ ಮುಂತಾದ ಕಾರಣಗಳಿಂದ ನಾಯಿಯನ್ನು ಇಟ್ಟುಕೊಳ್ಳಲಾಗದ ಪರಿಸ್ಥಿತಿ ಬರಬಹುದು. ಅಂತಹ ಸಂದರ್ಭದಲ್ಲಿ ಮೊದಲು ಬಂಧುಬಳಗ ಹಾಗೂ ಪರಿಚಯಸ್ಥರಲ್ಲಿ ವಿಚಾರಿಸಿ, ಆನಂತರ ಪ್ರಾಣಿದಯಾ ಸಂಘಗಳ ನೆರವು ಕೋರಬೇಕು. ಹೊಸ ಮಾಲೀಕರಿಗೆ ಲಸಿಕೆ ಪುಸ್ತಕವನ್ನು ಹಸ್ತಾಂತರಿಸಿ, ನಾಯಿಯ ಅಭ್ಯಾಸಗಳನ್ನು ತಿಳಿಸಬೇಕು. ಊರ ಹೊರಗೆ, ದೇವಸ್ಥಾನದ ಬಳಿ ಅಥವಾ ಹೆದ್ದಾರಿಯಲ್ಲಿ ಇಳಿಸಿ ಬರುವುದು ಕ್ರೌರ್ಯ ಹಾಗೂ ಶಿಕ್ಷಾರ್ಹ.

ತಳಿಯ ಆಯ್ಕೆ, ಲಸಿಕೆ ಹಾಗೂ ಚಿಕಿತ್ಸೆಯ ಕುರಿತ ಹೆಚ್ಚಿನ ವಿವರಗಳಿಗೆ ಸಮೀಪದ ಸರ್ಕಾರಿ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಮರಿಯನ್ನು ಮನೆಗೆ ತಂದ ನಂತರ ಬರುವುದಕ್ಕಿಂತ, ತರುವ ಮುನ್ನ ಒಮ್ಮೆ ಬಂದು ಪಶುವೈದ್ಯರ ಸಲಹೆ ಪಡೆಯುವಂತೆ ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.