ಚೆಂಗಲ್ಪಟ್ಟಿನ ಬಿ.ಸಿ.ಜಿ. ಪ್ರಯೋಗವೂ ಅದರ ವರದಿಯೂ

1980ರ ಜನವರಿಯಲ್ಲಿ ಲಂಡನ್ನಿನ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ತನ್ನದೊಂದು ಸಂಪಾದಕೀಯಕ್ಕೆ ‘ಬಿ.ಸಿ.ಜಿ.: ಭಾರತದಿಂದ ಕೆಟ್ಟ ಸುದ್ದಿ’ ಎಂಬರ್ಥದ ಶೀರ್ಷಿಕೆಯನ್ನಿತ್ತಿತು. ಸುದ್ದಿ ಹೊರಟದ್ದು ಮದರಾಸಿನ ನೆರೆಯ ಚೆಂಗಲ್ಪಟ್ಟು ಜಿಲ್ಲೆಯಿಂದ. ಕ್ಷಯರೋಗದ ತಡೆಗೆಂದು 1948ರಿಂದ ಈ ದೇಶದಲ್ಲಿ ಹಾಕುತ್ತ ಬಂದಿದ್ದ ಲಸಿಕೆಯಿಂದ ಅಲ್ಲಿ ರಕ್ಷಣೆ ದೊರೆಯಲಿಲ್ಲವೆಂಬುದೇ ಅದರ ತಿರುಳು. ಮಾತು ಸುಳ್ಳಲ್ಲ. ಆದರೆ ರಕ್ಷಣೆ ಯಾರಿಗೆ, ಯಾವ ಬಗೆಯ ಕ್ಷಯದಿಂದ ಎಂಬ ಪ್ರಶ್ನೆಗಳಿಗೆ ಶೀರ್ಷಿಕೆಯಲ್ಲಿ ಎಡೆಯಿರಲಿಲ್ಲ.

ಈ ಲಸಿಕೆಯ ವಿಷಯದಲ್ಲಿ ಮದರಾಸು ಪ್ರಾಂತಕ್ಕೆ ಹಳೆಯ ಶಂಕೆಯೊಂದುಂಟು. 1954ರಲ್ಲಿ ಮುಖ್ಯಮಂತ್ರಿ ಪದವಿಯನ್ನು ಬಿಟ್ಟಿದ್ದ ರಾಜಾಜಿಯವರು ಮರುವರ್ಷವೇ, ಸಜೀವ ರೋಗಾಣುಗಳನ್ನು ಆರೋಗ್ಯವಂತ ಮಕ್ಕಳ ಮೈಗೆ ಸೇರಿಸುವುದನ್ನು ಬಹಿರಂಗವಾಗಿ ವಿರೋಧಿಸಿದರು. ವಿಜ್ಞಾನಿಗಳಲ್ಲಿಯೂ ಒಮ್ಮತವಿರಲಿಲ್ಲ: ಬ್ರಿಟನ್ನಿನ ಶಾಲಾಬಾಲಕರಲ್ಲಿ ಲಸಿಕೆಯು ಮುಕ್ಕಾಲು ಪಾಲಿಗಿಂತ ಹೆಚ್ಚು ರೋಗವನ್ನು ತಡೆದರೆ, ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಫಲ ಅತ್ಯಲ್ಪ.

ಈ ವಿರೋಧವನ್ನು ಬಗೆಹರಿಸಲೆಂದೇ 1968ರಿಂದ 1971ರವರೆಗೆ, ಸುಮಾರು 3,60,000 ಜನವಸತಿಯ ಪ್ರದೇಶವೊಂದರಲ್ಲಿ (ಇದು ಇಂದಿನ ತಿರುವಳ್ಳೂರು ಸೀಮೆ) ಪ್ರಯೋಗ ನಡೆಯಿತು. ಕೆಲವರಿಗೆ ಲಸಿಕೆ, ಕೆಲವರಿಗೆ ಬರಿಯ ದ್ರವ. ಯಾರಿಗೆ ಯಾವುದೆಂಬುದು ಹಾಕಿಸಿಕೊಂಡವರಿಗೂ ರೋಗವನ್ನು ಪತ್ತೆಹಚ್ಚಿದವರಿಗೂ ತಿಳಿಯದು. ಇಷ್ಟು ದೊಡ್ಡದೂ ಇಷ್ಟು ಕಟ್ಟುನಿಟ್ಟಾದುದೂ ಆದ ಲಸಿಕಾಪ್ರಯೋಗಗಳು ಜಗತ್ತಿನಲ್ಲಿಯೇ ವಿರಳ. ಏಳೂವರೆ ವರ್ಷಗಳ ಬಳಿಕ ಎಣಿಸಿ ನೋಡಿದಾಗ ಎರಡು ಪಂಗಡಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಎಣಿಸಿದ್ದೇನು? ಕಫದಲ್ಲಿ ರೋಗಾಣು ಕಂಡುಬಂದ ಶ್ವಾಸಕೋಶದ ಕ್ಷಯವನ್ನು. ಎಳೆಯ ಮಕ್ಕಳಿಂದ ಕಫ ದೊರೆಯುವುದೇ ದುರ್ಲಭ. ಅವರನ್ನು ಕೊಲ್ಲುವ ಕ್ಷಯವು ಬಹುಮಟ್ಟಿಗೆ ಮಿದುಳಿನ ಪೊರೆಗೆ ತಗಲುವಂಥದು, ಇಲ್ಲವೆ ಮೈತುಂಬ ಹರಡುವಂಥದು. ಆ ಬಗೆಯ ಕ್ಷಯಕ್ಕೆ ಈ ಲೆಕ್ಕದಲ್ಲಿ ಕಲಮೇ ಇರಲಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ತೆರೆಯದಿದ್ದ ಖಾತೆಯ ಬಾಕಿಯನ್ನು ಸೊನ್ನೆಯೆಂದು ಓದುವವನನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪನು, ಬಿ.ಸಿ.ಜಿ. ನಿಷ್ಪ್ರಯೋಜಕವೆಂದು ಸಾರಿದವರು ಮಾಡಿದ್ದು ಅದನ್ನೇ. ಅಲ್ಲದೆ ಕಂಡುಬಂದ ರೋಗಿಗಳಲ್ಲಿ ಬಹುಪಾಲು ಜನ ಪ್ರಯೋಗಕ್ಕೆ ಮುನ್ನವೇ ಸೋಂಕು ತಗಲಿದ್ದವರು. ಅಂಥವರಿಗೆ ಲಸಿಕೆಯಿಂದ ಆಗಬಹುದಾದ ಉಪಕಾರವಾದರೂ ಎಷ್ಟು?

ಹಾಗೆಂದು ಫಲಿತಾಂಶವನ್ನು ಮರೆಮಾಚುವುದೂ ಸಲ್ಲದು. ವಯಸ್ಕರಲ್ಲಿ ಕ್ಷಯದ ಹರಡುವಿಕೆಯನ್ನು ಈ ಲಸಿಕೆ ತಗ್ಗಿಸೀತೆಂಬ ಸರ್ಕಾರದ ಆಸೆಯನ್ನು ಚೆಂಗಲ್ಪಟ್ಟು ಅಳಿಸಿತು. ರಾಜಾಜಿಯವರ ‘ಪ್ರಮಾಣವೆಲ್ಲಿ’ ಎಂಬ ಧಾಟಿಯ ಸಂದೇಹ ಅಷ್ಟರಮಟ್ಟಿಗೆ ನ್ಯಾಯವಾದುದೇ. ಪರಿಸರದ ಇತರ ಸೂಕ್ಷ್ಮಜೀವಿಗಳ ಸಂಪರ್ಕವು ಲಸಿಕೆಯ ಪರಿಣಾಮವನ್ನು ಮಂಕುಗೊಳಿಸಿತೆ? ಹಲವು ವಿದ್ವಾಂಸರ ಊಹೆ ಹಾಗೆ. ಊಹೆಯನ್ನು ಕಾರಣವೆಂದು ಬರೆದ ಲೇಖನಗಳಿಗೂ ಕೊರತೆಯಿಲ್ಲ.

ಶಿಶುಗಳಿಗೆ ಲಸಿಕೆ ಹಾಕುವುದನ್ನು ಭಾರತ ನಿಲ್ಲಿಸಲಿಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 1993ರ ವಿಶ್ಲೇಷಣೆಯೊಂದು, ಮಕ್ಕಳ ಆ ಮಾರಕ ರೂಪಗಳ ವಿರುದ್ಧ ಬಿ.ಸಿ.ಜಿ. ಬಲವಾದ ರಕ್ಷಣೆಯೆಂದು ತೋರಿಸಿತು. ಚೆಂಗಲ್ಪಟ್ಟಿನ ಹದಿನೈದು ವರ್ಷಗಳ ಫಲಿತಾಂಶ ಹೊರಬಂದದ್ದು 1999ರಲ್ಲಿ. ವಯಸ್ಕರಿಗೆ ರಕ್ಷಣೆಯಿಲ್ಲ, ಮಕ್ಕಳಿಗೆ ಶೇಕಡಾ 27. ಆದರೆ ಆ 27ರ ಅನಿಶ್ಚಯದ ಕೆಳಗಿನ ಮೇರೆ ಸೊನ್ನೆಗಿಂತ 8 ಕಡಿಮೆ, ಮೇಲಿನದು 50. ಮಕ್ಕಳಿಗೆ ಲಾಭವುಂಟೆಂದು ಈ ಒಂದು ಅಂಕಿಯ ಬಲದಿಂದ ಬರೆಯುವವನು ಉಳಿದೆರಡನ್ನೂ ಜತೆಯಲ್ಲಿ ಬರೆಯಬೇಕಾಗುತ್ತದೆ.