ಧಾರವಾಡದ ಅರ್ಜಿಯೂ ವಿಜಯಾಪುರ ಸೀಮೆಯ ಶಾಲೆಗಳೂ

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕನ್ನಡ ಮರಾಠಿಗಳ ತೊಡಕಿನಿಂದ ಆರಂಭಿಸಿ ಡೆಪ್ಯುಟಿ ಚನ್ನಬಸಪ್ಪನವರ ಪರಿಶ್ರಮದ ಪ್ರಶಂಸೆಯಲ್ಲಿ ಮುಗಿಸುವುದು ರೂಢಿಯಾಗಿದೆ. ಆ ವೃತ್ತಾಂತವು ಸತ್ಯವಾದುದು, ಅಭಿಮಾನಕ್ಕೆ ಅರ್ಹವಾದುದು. ಆದರೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಪ್ರಶ್ನೆಯು ಧಾರವಾಡದಲ್ಲಿ ಚರ್ಚೆಗೆ ಬಂದಿದ್ದ ಕಾಲದಲ್ಲಿಯೇ ಯಾರಿಗೆ ಕಲಿಸಬೇಕೆಂಬ ಇನ್ನೊಂದು ಪ್ರಶ್ನೆಯೂ ಅದೇ ಊರಿನಲ್ಲಿ ಎದ್ದು ಮುಂಬಯಿ, ಕಲಕತ್ತೆ, ಲಂಡನ್ನುಗಳವರೆಗೆ ಹೋಗಿ ಬಂದಿತೆಂಬುದನ್ನು ನಮ್ಮ ಸಾಹಿತ್ಯಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ದೂರದ ತಾಲೂಕುಗಳ ಹಳ್ಳಿಯ ಶಾಲೆಗಳಿಗೂ ಮುಂದೆ ಅನ್ವಯವಾದ ನಿಯಮವು ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ಸಂಗತಿಯು ಹೀಗಿದೆ. 1856ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಹುಡುಗನೊಬ್ಬನು, ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಸರಕಾರದ ನಿರ್ಣಯದಲ್ಲಿ ಅವನನ್ನು ಮಹಾರ ಅರ್ಜಿದಾರನೆಂದು ಕರೆದಿದೆ. ಕನ್ನಡ ಸೀಮೆಯ ಹೊಲೆಯರನ್ನೂ ಅಂದಿನ ಅಧಿಕಾರಿಗಳು ಮರಾಠಿಯ ಈ ಹೆಸರಿನಿಂದ ಬರೆಯುತ್ತಿದ್ದುದುಂಟು. ಎರಡು ವರ್ಷಗಳ ಹಿಂದೆಯಷ್ಟೆ, 1854ರಲ್ಲಿ, ಸರ್ ಚಾರ್ಲ್ಸ್ ವುಡ್ಡನ ವಿದ್ಯಾಪತ್ರವು ಬಂದು, ಜನಸಾಮಾನ್ಯರಿಗೆ ವಿದ್ಯೆಯನ್ನು ಒದಗಿಸುವುದು ಸರಕಾರದ ಹೊಣೆಯೆಂದು ಸಾರಿದ್ದಿತು. ಅರ್ಜಿದಾರನು ಹೊಸದೇನನ್ನೂ ಬೇಡಿರಲಿಲ್ಲ. ಸರಕಾರವು ತಾನಾಗಿ ಆಡಿದ ಮಾತನ್ನು ನಡೆಯಿಸಿಕೊಡಬೇಕೆಂದು ಕೇಳಿದ್ದನು.

ಲಾರ್ಡ್ ಎಲ್ಫಿನ್‌ಸ್ಟನ್ನನು ಮುಂಬಯಿಯ ಗವರ್ನರನಾಗಿದ್ದ ಕಾಲವದು. 1856ನೆಯ ಜುಲೈ 21ರಂದು ಹೊರಟ ನಿರ್ಣಯವು ವಿಚಿತ್ರವಾದುದು. ಅಮೂರ್ತವಾದ ನ್ಯಾಯವು ಅರ್ಜಿದಾರನ ಪಕ್ಷದಲ್ಲಿದೆಯೆಂಬುದನ್ನು ಸರಕಾರವು ಅದರಲ್ಲಿ ಸ್ಪಷ್ಟವಾಗಿ ಒಪ್ಪಿತು. ಅವನಿಗೆ ಅಡ್ಡಿಯಾಗಿರುವ ಪೂರ್ವಗ್ರಹಗಳು ಬೇಗನೆ ಹೋಗಲೆಂದು ಆಶಿಸಿತು. ಆದರೆ ಒಬ್ಬಿಬ್ಬರ ಸಲುವಾಗಿ ಯುಗಾಂತರದ ಭಾವನೆಗಳಲ್ಲಿ ಒಮ್ಮೆಲೆ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಹಾನಿ ತಟ್ಟೀತೆಂದೂ, ಈ ಅನಾನುಕೂಲವು ಇಂಗ್ಲಿಷರ ಸರಕಾರದಿಂದ ಹುಟ್ಟಿದ್ದಲ್ಲವಾದುದರಿಂದ ಅದನ್ನು ತತ್‌ಕ್ಷಣ ತೊಡೆಯುವುದು ತನ್ನಿಂದಾಗದೆಂದೂ ಹೇಳಿ ಬೇಡಿಕೆಯನ್ನು ನಿರಾಕರಿಸಿತು.

ಈ ವಾದದ ಬಲಾಬಲವನ್ನು ಪರೀಕ್ಷಿಸುವುದು ಅವಶ್ಯ. ಜಾತಿಭೇದವು ಸರಕಾರದಿಂದ ಹುಟ್ಟಿದ್ದಲ್ಲವೆಂಬುದು ನಿಜ. ಆದರೆ ಶಾಲೆಯು ಸರಕಾರದಿಂದಲೇ ಹುಟ್ಟಿದ್ದು. ಗಾಂವಠಿ ಶಾಲೆ, ಐಗಳ ಮಠಗಳಂತೆ ಅದು ಊರವರ ಕಾಳಿನಿಂದ ನಡೆಯುವ ಸಂಸ್ಥೆಯಾಗಿರಲಿಲ್ಲ. ಶಾಸ್ತ್ರದ ಆಧಾರವನ್ನು ಹೇಳುವವರಿಗೂ ಇಲ್ಲಿ ನೆಲೆಯಿಲ್ಲ. ಧರ್ಮಶಾಸ್ತ್ರಕಾರರು ಅಧಿಕಾರಭೇದವನ್ನು ವಿಧಿಸಿದ್ದು ವೇದಾಧ್ಯಯನದ ವಿಷಯದಲ್ಲಿ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಭಾಷ್ಯಕಾರರು ಎತ್ತಿಕೊಂಡ ನಿಷೇಧವೂ ಅದನ್ನು ಕುರಿತದ್ದೇ. ಅದು ಸಾಧುವೇ ಅಲ್ಲವೇ ಎಂಬ ವಿಚಾರವು ಹಾಗಿರಲಿ. ಕನ್ನಡದ ಬಳ್ಳಿಯಕ್ಷರ, ಮಗ್ಗಿ, ಭೂಗೋಳಗಳನ್ನು ಕಲಿಯುವುದಕ್ಕೆ ಉಪನಯನವು ಅಂಗವೆಂದು ಯಾವ ನಿಬಂಧಕಾರನೂ ಬರೆದಿಲ್ಲ. ಸರಕಾರಿ ಶಾಲೆಯ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದು ಲೋಕದ ಆಚಾರ. ಅದಕ್ಕೆ ಶಾಸ್ತ್ರದ ಹೆಸರು ಅನಂತರ ಬಂದಿತು.

ಮುಂಬಯಿಯ ನಿರ್ಣಯವು ಕಲಕತ್ತೆಯ ಸರಕಾರದ ದೃಷ್ಟಿಗೆ ಬಿದ್ದಿತು. 1857ನೆಯ ಜನವರಿಯಲ್ಲಿ ಗವರ್ನರ್ ಜನರಲನ ಸಭೆಯಿಂದ ಬಂದ ಉತ್ತರವು ಎರಡು ನಾಲಗೆಯದು: ಮುಂಬಯಿಯವರು ವಿವೇಕದಿಂದಲೇ ನಡೆದಿರಬಹುದು, ಆದರೆ ಬಂಗಾಲ ಇಲಾಖೆಯ ಯಾವ ಸರಕಾರಿ ಶಾಲೆಯಲ್ಲಿಯೂ ಈ ಹುಡುಗನಿಗೆ ಪ್ರವೇಶವು ತಪ್ಪುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಬಳಿಕ ವಿಷಯವು ಲಂಡನ್ನಿಗೆ, ಕಂಪನಿಯ ಡೈರೆಕ್ಟರರ ಕೋರ್ಟಿಗೆ ಮುಟ್ಟಿತು. ಇದು ಹೆಸರಿಗೆ ಮಾತ್ರ ಕೋರ್ಟು. ವ್ಯಾಪಾರದ ಕಂಪನಿಯ ಆಡಳಿತ ಮಂಡಲವೇ ಹೊರತು ನ್ಯಾಯಾಸನವಲ್ಲ. 1858ನೆಯ ಏಪ್ರಿಲ್ 28ರ ಅದರ ಆಜ್ಞೆಯು ಮುಂಬಯಿಯ ನಿರ್ಣಯವನ್ನು ತಲೆಕೆಳಗು ಮಾಡಿತು. ಸರಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು. ಇದನ್ನು ಆಚರಿಸಿದರೆ ಕೆಲವು ವಿದ್ಯಾರ್ಥಿಗಳು ಬಿಟ್ಟುಹೋಗಬಹುದು. ಹಾಗೆ ಆಕ್ಷೇಪಿಸುವವರು ತಮ್ಮ ವಂತಿಗೆಯನ್ನು ಹಿಂತೆಗೆದುಕೊಂಡು ತಮ್ಮವರಿಗಷ್ಟೇ ಮೀಸಲಾದ ಶಾಲೆಯನ್ನು ಸ್ವಂತ ಹಣದಿಂದ ಕಟ್ಟಿಕೊಳ್ಳಲು ಸ್ವತಂತ್ರರು ಎಂದು ಅದರಲ್ಲಿ ಹೇಳಿತ್ತು.

ಎರಡು ಆಜ್ಞೆಗಳಿಗೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ತೊಂದರೆಯು ಯಾರ ಪಾಲಿಗೆ ಬರಬೇಕೆಂಬುದೇ ಪ್ರಶ್ನೆ. 1856ರ ನಿರ್ಣಯದಂತೆ ಬಾಗಿಲಲ್ಲಿ ನಿಂತ ಹುಡುಗನು ಕಾಯಬೇಕು. 1858ರ ಆಜ್ಞೆಯಂತೆ ಅವನ ಬಳಿ ಕೂಡಲೊಲ್ಲದವನು ಎದ್ದುಹೋಗಬೇಕು. ಮುಂದಿನ ನೂರು ವರ್ಷಗಳ ಇತಿಹಾಸವೆಂದರೆ ಕಾಗದದಲ್ಲಿ ಎರಡನೆಯದು, ಹಳ್ಳಿಯಲ್ಲಿ ಮೊದಲನೆಯದು ನಡೆದುಬಂದ ಇತಿಹಾಸ.

ಇದೇ ಕಾಲದಲ್ಲಿ ಅಮೇರಿಕದ ಬೋಸ್ಟನ್ ನಗರದಲ್ಲಿಯೂ ಇಂಥದೇ ವ್ಯಾಜ್ಯವು ನಡೆದಿದ್ದಿತು. ಸಾರಾ ರಾಬರ್ಟ್ಸ್ ಎಂಬ ನೀಗ್ರೋ ಬಾಲಕಿಗೆ ಬಿಳಿಯರ ಶಾಲೆಯಲ್ಲಿ ಪ್ರವೇಶ ಬೇಕೆಂದು ಅವಳ ತಂದೆಯು ಹೂಡಿದ ದಾವೆಯನ್ನು ಮೆಸಾಚುಸೆಟ್ಸ್ ಸಂಸ್ಥಾನದ ನ್ಯಾಯಾಲಯವು 1849ರಲ್ಲಿ ಆಲಿಸಿ, ಬೇರೆ ಶಾಲೆಯನ್ನು ಏರ್ಪಡಿಸಿರುವುದರಿಂದ ಅನ್ಯಾಯವಾಗಿಲ್ಲವೆಂದು ತೀರ್ಮಾನಿಸಿತು. ಆದರೆ 1855ರಲ್ಲಿ ಅಲ್ಲಿಯ ಶಾಸನಸಭೆಯು ಕಾಯಿದೆ ಮಾಡಿ ಆ ಭೇದವನ್ನು ನಿಲ್ಲಿಸಿತು. ಆ ತಂದೆಗೆ ಹೋಗಲು ಒಂದು ನ್ಯಾಯಾಸನವಿತ್ತು. ಅಲ್ಲಿ ಸೋತರೆ ಶಾಸನಸಭೆಯಿತ್ತು. ಧಾರವಾಡದ ಹುಡುಗನಿಗಿದ್ದುದು ಅರ್ಜಿಯೊಂದೇ.

ಲಂಡನ್ನಿನ ಆಜ್ಞೆಯು ಬಂದ ಕಾಲವೂ ಒಳ್ಳೆಯದಾಗಿರಲಿಲ್ಲ. 1858ರ ಮೇ ತಿಂಗಳಿನ ಕೊನೆಗೆ ನರಗುಂದ ಮುಂಡರಗಿಗಳಲ್ಲಿ ದಂಗೆಯೆದ್ದಿತು. ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ನನು ಹತನಾದನು. ನವೆಂಬರಿನಲ್ಲಿ ಕಂಪನಿಯ ರಾಜ್ಯಭಾರವೇ ಮುಗಿದು ರಾಣಿಯ ಸಾರೋಲೆಯು ಹೊರಟಿತು. ಪ್ರಜೆಗಳ ಧರ್ಮದಲ್ಲಿ ಕೈಹಾಕಕೂಡದು, ದೇಶದ ಪ್ರಾಚೀನ ರೂಢಿಗಳಿಗೆ ಮನ್ನಣೆ ಕೊಡಬೇಕು ಎಂಬ ವಾಕ್ಯಗಳು ಅದರಲ್ಲಿದ್ದವು. ಏಪ್ರಿಲಿನ ಆಜ್ಞೆಗೂ ನವೆಂಬರಿನ ಸಾರೋಲೆಗೂ ನಡುವೆ ಸಿಕ್ಕಿದ ಅಧಿಕಾರಿಯು ಯಾವುದನ್ನು ಮುಂದಿಟ್ಟುಕೊಂಡು ನಡೆದಾನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕಲಾದಗಿಯ ಜಿಲ್ಲೆಯು ಏರ್ಪಟ್ಟದ್ದು 1864ರಲ್ಲಿ. ಭೀಮೆಯ ದಕ್ಷಿಣದ ಇಂಡಿ ಸಿಂದಗಿಗಳೂ ಕೃಷ್ಣೆಯ ಉತ್ತರದ ಬಾಗೇವಾಡಿ ಮುದ್ದೇಬಿಹಾಳಗಳೂ ಅದರ ತಾಲೂಕುಗಳಾದವು. 1885ರಲ್ಲಿ ಜಿಲ್ಲೆಯ ಕಚೇರಿಯು ವಿಜಯಾಪುರಕ್ಕೆ ಬಂದಿತು. ಈ ತಾಲೂಕುಗಳ ಶಾಲೆಗಳೆಲ್ಲ ಮುಂಬಯಿಯ ವಿದ್ಯಾಖಾತೆಗೆ ಸೇರಿದವಾದುದರಿಂದ 1858ರ ಆಜ್ಞೆಯು ಅವುಗಳಿಗೂ ಸಲ್ಲತಕ್ಕದ್ದು. ಆದರೆ ಆಜ್ಞೆಯು ಶಾಲೆಯೊಳಗೆ ಹೋಗುವಂತಿರಲಿಲ್ಲ. ಏಕೆಂದರೆ ಅನೇಕ ಹಳ್ಳಿಗಳಲ್ಲಿ ಶಾಲೆಗೆ ಸ್ವಂತ ಕಟ್ಟಡವೇ ಇರಲಿಲ್ಲ. ಹನುಮಂತದೇವರ ಗುಡಿ, ಮಠದ ಅಂಗಳ, ಚಾವಡಿ, ಗೌಡರ ಪಡಸಾಲೆ, ಬಾಡಿಗೆಯಿಲ್ಲದೆ ಸಿಕ್ಕುವ ಇಂಥ ಸ್ಥಳದಲ್ಲಿ ಮಾಸ್ತರನು ಮಕ್ಕಳನ್ನು ಕೂಡಿಸಿಕೊಳ್ಳಬೇಕು. ಶಾಲೆಯು ಎಲ್ಲರಿಗೂ ತೆರೆದಿದೆ, ಗುಡಿಯು ತೆರೆದಿಲ್ಲ, ಗುಡಿಯೇ ಶಾಲೆ! ತಾರ್ಕಿಕರು ಇಂಥ ಅವಸ್ಥೆಯನ್ನು ಉಭಯತಃ ಪಾಶವೆನ್ನುವರು. ಪ್ರವೇಶ ದೊರೆತಲ್ಲಿಯೂ ಕೇರಿಯ ಮಗುವಿಗೆ ಜಗುಲಿಯೋ ಬಾಗಿಲ ಹೊರಗಣ ನೆಲವೋ ಸ್ಥಾನವಾಗುತ್ತಿತ್ತು. ಡಾಕ್ಟರ್ ಅಂಬೇಡಕರರು ಬಾಲ್ಯದಲ್ಲಿ ಸಾತಾರೆಯ ಶಾಲೆಗೆ ಗೋಣಿಯ ತಟ್ಟನ್ನು ಮನೆಯಿಂದ ಒಯ್ದು ಅದರ ಮೇಲೆ ಬೇರೆಯಾಗಿ ಕೂಡಬೇಕಾಗಿದ್ದುದನ್ನೂ, ಶಾಲೆಯ ಜವಾನನು ಇಲ್ಲದ ದಿನ ನೀರೇ ಇಲ್ಲದಿರುತ್ತಿದ್ದುದನ್ನೂ ತಾವೇ ಬರೆದಿಟ್ಟಿರುವರು. ಆ ಶಾಲೆಯೂ 1858ರ ಆಜ್ಞೆಗೆ ಒಳಪಟ್ಟದ್ದೇ ಆಗಿದ್ದಿತು.

1882ರಲ್ಲಿ ಹಂಟರನ ಅಧ್ಯಕ್ಷತೆಯಲ್ಲಿ ಕುಳಿತ ವಿದ್ಯಾ ಆಯೋಗವು ಹಳೆಯ ತತ್ತ್ವವನ್ನು ಮತ್ತೊಮ್ಮೆ ಎತ್ತಿಹಿಡಿದು, ಅದನ್ನು ಎಚ್ಚರಿಕೆಯಿಂದ ಆಚರಿಸಬೇಕೆಂದೂ ಸಾಕಷ್ಟು ಮಕ್ಕಳಿರುವಲ್ಲಿ ಅಂತ್ಯಜರಿಗಾಗಿ ಬೇರೆ ಶಾಲೆಗಳನ್ನು ತೆರೆಯಬೇಕೆಂದೂ ಸೂಚಿಸಿತು. ಬೇರೆ ಶಾಲೆಗಳಿಂದ ಉಪಕಾರವಾಗಲಿಲ್ಲವೆನ್ನಲಾಗದು. ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಶಾಲೆಯಿಂದ ಎಷ್ಟೋ ಮಕ್ಕಳಿಗೆ ಅಕ್ಷರ ಬಂದಿತು. ಆದರೆ ರಂಗರಾಯರು ಎದುರಿಸಿದ ಬಹಿಷ್ಕಾರವನ್ನು ಸರಕಾರದ ಖಾತೆಯು ಎದುರಿಸಬೇಕಾಗಿರಲಿಲ್ಲ. ಖಾತೆಗೆ ಬೇರೆ ಶಾಲೆಯೆಂಬುದು ಸುಲಭದ ದಾರಿಯಾಯಿತು.

1923ನೆಯ ವರ್ಷವು ಈ ವಿಷಯದಲ್ಲಿ ಸ್ಮರಣೀಯವಾದುದು. ಆ ಆಗಸ್ಟಿನಲ್ಲಿ ಮುಂಬಯಿಯ ಶಾಸನಸಭೆಯು ಎಸ್. ಕೆ. ಬೋಲೆಯವರು ತಂದ ಠರಾವನ್ನು ಅಂಗೀಕರಿಸಿ, ಸಾರ್ವಜನಿಕ ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳಲ್ಲಿ ಅಸ್ಪೃಶ್ಯರೆನಿಸಿದವರಿಗೆ ಪ್ರವೇಶವಿರತಕ್ಕದ್ದೆಂದಿತು. ಅವರ ಮಕ್ಕಳನ್ನು ನಿರಾಕರಿಸುವ ಖಾಸಗಿ ಶಾಲೆಗೆ ಸರಕಾರದ ಸಹಾಯಧನ ಸಲ್ಲದೆಂಬ ಆಜ್ಞೆಯೂ ಆ ವರ್ಷವೇ ಹೊರಟಿತು. ಉಪದೇಶದ ಸ್ಥಾನದಲ್ಲಿ ಹಣದ ಮಾತು ಬಂದದ್ದು ಇಲ್ಲಿಯೇ. ಅದೇ ವರ್ಷ ವಿಜಯಾಪುರದ ವಕೀಲರಾದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಕು ಕಂಡಿತು. ಬಾಗೇವಾಡಿಯಲ್ಲಿ ಜನಿಸಿದ ಮಹಾಪುರುಷನ ಮಾತನ್ನು ಆ ಸೀಮೆಯ ಓದುಬಲ್ಲವರು ಅಚ್ಚಿನಲ್ಲಿ ಓದತೊಡಗಿದ ಕಾಲಕ್ಕೆ, ಅದೇ ಸೀಮೆಯಲ್ಲಿ ಓದುಬಲ್ಲವರು ಯಾರು ಯಾರೆಂಬ ಲೆಕ್ಕವನ್ನೂ ಸಾಹಿತ್ಯದ ಅಧ್ಯಾಪಕರು ಕೇಳಬೇಕಾಗುತ್ತದೆ. ಇಲಾಖೆಯ ಒಟ್ಟು ಲೆಕ್ಕವು ಅಂಬೇಡಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಒಪ್ಪಿಸಿದ ಹೇಳಿಕೆಯಲ್ಲಿದೆ: ಪ್ರಾಥಮಿಕ ಶಾಲೆಯಲ್ಲಿದ್ದವರು ಸಾವಿರ ಜನಸಂಖ್ಯೆಗೆ ಮುಂದುವರಿದ ಹಿಂದುಗಳಲ್ಲಿ 119, ಮುಸಲ್ಮಾನರಲ್ಲಿ 92, ಮಧ್ಯಮ ವರ್ಗದವರಲ್ಲಿ 38, ಕೊನೆಯ ವರ್ಗದವರಲ್ಲಿ 18.

ದುರ್ದೈವದಿಂದ 1923ರಲ್ಲಿಯೇ ಇನ್ನೊಂದು ಕಾಯಿದೆಯೂ ಆಯಿತು. ಪ್ರಾಥಮಿಕ ಶಿಕ್ಷಣದ ಆ ಕಾಯಿದೆಯು ಹಳ್ಳಿಯ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ವಶಕ್ಕೆ ಕೊಟ್ಟಿತು. ಸ್ವರಾಜ್ಯದ ದೃಷ್ಟಿಯಿಂದ ಇದು ಮುನ್ನಡೆಯೇ ಸರಿ. ಆದರೆ ಬಾಗಿಲನ್ನು ತೆರೆಯಬೇಕಾದವರೂ ತೆರೆಯಲೊಲ್ಲದವರೂ ಎಷ್ಟೋ ಕಡೆ ಒಬ್ಬರೇ ಆದರು.

ಒ. ಹೆಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸರಕಾರವು ನೇಮಿಸಿದ ಸಮಿತಿಯು 1930ರಲ್ಲಿ ವರದಿಯನ್ನೊಪ್ಪಿಸಿತು. ಅಂಬೇಡಕರರೂ ಪಿ. ಜಿ. ಸೋಳಂಕಿಯವರೂ ಅದರ ಸದಸ್ಯರಾಗಿದ್ದರು. ಹಕ್ಕನ್ನು ಕೊಟ್ಟ ಮಾತ್ರಕ್ಕೆ ಅದನ್ನು ಬಳಸುವುದು ಸಾಧ್ಯವಿಲ್ಲವೆಂಬುದನ್ನು ಈ ವರದಿಯಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಸರಕಾರಿ ಕಾಗದವು ವಿರಳ. ಪ್ರತಿ ಹಳ್ಳಿಯಲ್ಲಿಯೂ ಇವರು ಅಲ್ಪಸಂಖ್ಯಾತರು. ಹಿಡುವಳಿಯಾಗಲಿ ಕೂಲಿಯಾಗಲಿ ಸವರ್ಣೀಯರ ಕೈಯಲ್ಲಿ. ಊರು ಮುನಿದರೆ ನಡೆಯುವ ದಾರಿಯನ್ನೂ ಅಂಗಡಿಯ ಸಾಮಾನನ್ನೂ ನಿಲ್ಲಿಸಿಬಿಡಬಲ್ಲದು ಎಂದು ಸಮಿತಿಯು ಬರೆಯಿತು. ಡೋಣಿಯ ಕರಿಯ ಭೂಮಿಯ ಊರುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಳದ ರಾಶಿಯಾದಾಗ ಕಣದಲ್ಲಿ ದೊರೆಯುವ ಆಯವೇ ವರ್ಷದ ಅನ್ನವಾಗಿರುವ ಮನೆಯಲ್ಲಿ, ಮಗನನ್ನು ಶಾಲೆಯ ಒಳಗೆ ಕೂಡಿಸಬೇಕೆಂದು ಹಟ ಹಿಡಿಯುವ ತಂದೆಯು ಪಣವಾಗಿ ಒಡ್ಡುವುದು ಆ ಜೋಳವನ್ನು. ಮಳೆ ತಪ್ಪಿದ ವರ್ಷಗಳು ಮೇಲಿಂದ ಮೇಲೆ ಬರುವ ನಾಡಿನಲ್ಲಿ ಇದು ಸಣ್ಣ ಪಣವಲ್ಲ. 1876ರಿಂದ 1878ರವರೆಗಿನ ಕ್ಷಾಮದಲ್ಲಿ ಕಲಾದಗಿ ಜಿಲ್ಲೆಯು ಎಷ್ಟು ಬರಿದಾಯಿತೆಂಬುದು ಪ್ರಸಿದ್ಧವೇ ಆಗಿದೆ.

ಆದುದರಿಂದಲೇ ಅಂಬೇಡಕರರು ಪ್ರವೇಶದ ಆಜ್ಞೆಗಿಂತ ವಸತಿಗೃಹಕ್ಕೆ ಹೆಚ್ಚು ಬೆಲೆ ಕೊಟ್ಟರೆಂದು ತೋರುತ್ತದೆ. ಊರಿನ ಕಣವನ್ನು ಬಿಟ್ಟು ಬಂದ ಹುಡುಗನಿಗೆ ಊರಿನ ಮುನಿಸು ತಟ್ಟದು. 1928ರಲ್ಲಿ ಅವರು ಕಟ್ಟಿದ ದಲಿತವರ್ಗ ಶಿಕ್ಷಣ ಸಂಸ್ಥೆಯು ನಡೆಯಿಸಿದ ಐದು ವಸತಿಗೃಹಗಳಲ್ಲಿ ನಾಲ್ಕು ಪನವೇಲ, ಠಾಣೆ, ನಾಸಿಕ, ಪುಣೆಗಳಲ್ಲಿದ್ದವು, ಐದನೆಯದು ಧಾರವಾಡದಲ್ಲಿ. ಅರ್ಜಿಯು ತಿರಸ್ಕೃತವಾದ ಊರಿಗೇ ಎಪ್ಪತ್ತು ವರ್ಷಗಳ ಮೇಲೆ ಹುಡುಗರು ಹಾಸಿಗೆ ಕಟ್ಟಿಕೊಂಡು ಓದಲು ಬಂದರು. ಜಾತಿಗೊಂದು ಶಾಲೆಯನ್ನು ಬಿಟ್ಟು ಸಾಮಾನ್ಯ ಶಾಲೆಯಲ್ಲಿಯೇ ಎಲ್ಲರೂ ಕಲಿಯಬೇಕೆಂದು 1929ರ ಹಾರ್ಟಾಗ್ ಸಮಿತಿಯೂ ಅಭಿಪ್ರಾಯಪಟ್ಟಿತು.

ತರುವಾಯದ ಘಟನೆಗಳು ಸರ್ವವಿದಿತ. 1950ರ ಸಂವಿಧಾನವು 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿ, ಸರಕಾರವು ನಡೆಯಿಸುವ ಇಲ್ಲವೆ ಹಣ ಕೊಡುವ ವಿದ್ಯಾಸಂಸ್ಥೆಗಳಲ್ಲಿ ಜಾತಿಯ ಕಾರಣದಿಂದ ಪ್ರವೇಶವನ್ನು ನಿರಾಕರಿಸಕೂಡದೆಂದು 29ನೆಯ ವಿಧಿಯಲ್ಲಿ ವಿಧಿಸಿತು. ಧಾರವಾಡದ ಹುಡುಗನಿಗಿರದಿದ್ದ ನ್ಯಾಯಾಸನವು ಈಗ ದೊರೆತಂತಾಯಿತು. ಅಮೇರಿಕದ ಶ್ರೇಷ್ಠ ನ್ಯಾಯಾಲಯವು ಬೇರೆ ಶಾಲೆಗಳು ಅಸಮಾನವೆಂದು 1954ರ ಮೇ 17ರಂದು ತೀರ್ಪಿತ್ತು, ಅದನ್ನು ಆಚರಣೆಗೆ ತರುವ ಬಗೆಯನ್ನು 1955ರ ಮೇ 31ರಂದು ಆಜ್ಞಾಪಿಸಿತು. ಮರುದಿನ, ಜೂನ್ 1ರಂದು, ಭಾರತದಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಜಾರಿಗೆ ಬಂದಿತು. ಸಾರ್ವಜನಿಕ ಶಾಲೆಯಲ್ಲಿಯಾಗಲಿ ಅದಕ್ಕೆ ಸೇರಿದ ವಸತಿಗೃಹದಲ್ಲಿಯಾಗಲಿ ಅಸ್ಪೃಶ್ಯತೆಯ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದವನಿಗೆ ಅದರ 5ನೆಯ ಕಲಮಿನಂತೆ ಆರು ತಿಂಗಳವರೆಗಿನ ಸೆರೆಮನೆ ಅಥವಾ ಐನೂರು ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಆಗ ಇನ್ನೂ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಮೈಸೂರು ರಾಜ್ಯಕ್ಕೆ ಅವು ಸೇರುವುದಕ್ಕೆ ಒಂದು ವರ್ಷ ಐದು ತಿಂಗಳು ಉಳಿದಿದ್ದಿತು. ಧಾರವಾಡದ ಅರ್ಜಿಗೆ ಆ ಜೂನ್ ತಿಂಗಳಿನಲ್ಲಿ ತೊಂಬತ್ತೊಂಬತ್ತು ವರ್ಷ.